ಮಾಲೀಕರೇ ನಿಂತು ನಡೆಸುವ ಅಂಗಡಿ, ಹೋಟೆಲುಗಳಿಗೆ ಗಿರಾಕಿಗಳಾದ ನಾವು ನಿಜವಾಗಿ ನೆರವಾಗುವುದು ಹೇಗೆ?

ಪ್ರಶ್ನೆ

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಯ ಖರೀದಿಯ ಹೆಚ್ಚಿನ ಪಾಲು ದೊಡ್ಡ ಸರಣಿ ಮಳಿಗೆಗಳಿಗೂ ಮೊಬೈಲ್ ಆ್ಯಪ್‌ಗಳಿಗೂ ಹೋಗಿಬಿಟ್ಟಿದೆ. ಇದನ್ನು ಬದಲಿಸಿ, ಮಾಲೀಕರೇ ಗಲ್ಲಾದಲ್ಲಿ ಕುಳಿತು ನಡೆಸುವ ಅಂಗಡಿಗಳಲ್ಲಿ ಕೊಳ್ಳಬೇಕು, ಹೊರಗೆ ಊಟ ಮಾಡುವಾಗಲೂ ಅಂಥ ಹೋಟೆಲುಗಳನ್ನೇ ಆರಿಸಿಕೊಳ್ಳಬೇಕು ಎಂಬ ಆಸೆ ನನಗಿದೆ. ಮನೆಯಲ್ಲಿ ಈ ಮಾತು ತೆಗೆದಾಗ ಎದುರಾದ ಆಕ್ಷೇಪಗಳು ತಳ್ಳಿಹಾಕುವಂಥವಲ್ಲ. ಅದೇ ಕಂಪನಿಯ ಅದೇ ಪೊಟ್ಟಣ ಸರಣಿ ಮಳಿಗೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವಸ್ತು ಸರಿಯಿಲ್ಲದಿದ್ದರೆ ಮರುಮಾತಿಲ್ಲದೆ ಹಿಂದಕ್ಕೆ ಪಡೆಯುತ್ತಾರೆ. ಕೇಳದೆಯೇ ಬಿಲ್ಲು ಕೊಡುತ್ತಾರೆ. ಯಾವ ಶಾಖೆಗೆ ಹೋದರೂ ಏನು ಸಿಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಇವನ್ನೆಲ್ಲ ಬಿಟ್ಟುಕೊಟ್ಟು ಸಣ್ಣ ಅಂಗಡಿಗೆ ಹೋಗುವುದರಿಂದ ಯಾರಿಗೆ, ಎಷ್ಟು ಲಾಭ ಎಂದು ಮನೆಯವರು ಕೇಳುತ್ತಾರೆ, ಮತ್ತು ನನ್ನ ಬಳಿ ಭಾವನೆಯ ಉತ್ತರ ಇದೆಯೇ ಹೊರತು ಲೆಕ್ಕದ ಉತ್ತರ ಇಲ್ಲ.

ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ನಾವು ಕೊಡುವ ಹಣ ಊರಿನಲ್ಲೇ ಉಳಿಯುತ್ತದೆ ಎಂಬ ಮಾತಿಗೆ ಆಧಾರವಿದೆಯೇ? ತಿಂಗಳ ಆದಾಯ ಸೀಮಿತವಾಗಿರುವ ಮನೆಯವರು ಎಲ್ಲಿಂದ ಆರಂಭಿಸಬೇಕು? ಪ್ರಸಿದ್ಧ ಕಂಪನಿಯ ಫಲಕ ಹಾಕಿಕೊಂಡಿದ್ದರೂ ಒಳಗೆ ಸ್ಥಳೀಯರೊಬ್ಬರು ಬಂಡವಾಳ ಹಾಕಿ ನಡೆಸುತ್ತಿರುವ ಮಳಿಗೆಗಳನ್ನು ಯಾವ ಗುಂಪಿಗೆ ಸೇರಿಸಬೇಕು? ಸಣ್ಣ ಹೋಟೆಲಿನಿಂದಲೇ ಆದರೂ ಆ್ಯಪ್ ಮೂಲಕ ತರಿಸಿಕೊಂಡರೆ ಅವರಿಗೆ ನೆರವಾಗುತ್ತದೆಯೇ, ಹೊರೆಯಾಗುತ್ತದೆಯೇ?

ಉತ್ತರ 1

ಹಣದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಆಧಾರವಿದೆ, ಆದರೆ ಅದನ್ನು ಹಲವರು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳುತ್ತಾರೆ.

ಅಮೆರಿಕದ ಆಸ್ಟಿನ್ ನಗರದಲ್ಲಿ ಸ್ಥಳೀಯ ಪುಸ್ತಕದಂಗಡಿಯೊಂದರ ಸಮೀಪಕ್ಕೇ ಸರಣಿ ಪುಸ್ತಕ ಮಳಿಗೆಯೊಂದು ಬರುವ ಪ್ರಸ್ತಾಪವಿದ್ದಾಗ, ಸಿವಿಕ್ ಇಕನಾಮಿಕ್ಸ್ ಎಂಬ ಸಂಸ್ಥೆ 2002ರಲ್ಲಿ ಒಂದು ಲೆಕ್ಕ ಹಾಕಿತು. ಗಿರಾಕಿ ಸರಣಿ ಮಳಿಗೆಯಲ್ಲಿ ಖರ್ಚು ಮಾಡಿದ ಪ್ರತಿ 100 ಡಾಲರ್‌ಗೆ ಆ ನಗರದ ಆರ್ಥಿಕತೆಯಲ್ಲಿ ಸುಮಾರು 13 ಡಾಲರ್‌ಗಳಷ್ಟು ಚಟುವಟಿಕೆ ಕಂಡುಬಂದರೆ, ಸ್ಥಳೀಯ ಮಾಲೀಕತ್ವದ ಅಂಗಡಿಗಳಲ್ಲಿ ಖರ್ಚಾದ ಅಷ್ಟೇ ಹಣಕ್ಕೆ 45 ಡಾಲರ್‌ಗಳಷ್ಟು ಕಂಡುಬಂದಿತು. ಅದೇ ಸಂಸ್ಥೆ ಷಿಕಾಗೋದ ಆ್ಯಂಡರ್ಸನ್‌ವಿಲ್ ಬಡಾವಣೆಯಲ್ಲಿ ಹೋಟೆಲುಗಳನ್ನೂ ಸೇವಾ ಅಂಗಡಿಗಳನ್ನೂ ಸೇರಿಸಿಕೊಂಡು ನಡೆಸಿದ 2004ರ ಅಧ್ಯಯನದಲ್ಲಿ ಈ ಅಂತರ 43 ಮತ್ತು 68 ಡಾಲರ್ ಆಗಿತ್ತು. ಎರಡೂ ಊರುಗಳಲ್ಲಿ ದಿಕ್ಕು ಒಂದೇ ಇದ್ದರೂ ಪ್ರಮಾಣ ಬೇರೆ ಎಂಬುದನ್ನು ಗಮನಿಸಬೇಕು. ಆದ್ದರಿಂದ ‘ಮೂರು ಪಟ್ಟು ಹಣ ಊರಿನಲ್ಲಿ ಉಳಿಯುತ್ತದೆ’ ಎಂಬ ಮಾತನ್ನು ಎಲ್ಲ ಊರುಗಳಿಗೂ ಎಲ್ಲ ವ್ಯಾಪಾರಗಳಿಗೂ ಅನ್ವಯಿಸುವುದು ಸರಿಯಲ್ಲ.

ಅಂತರ ಏಕೆ ಬರುತ್ತದೆ ಎಂಬುದು ಅಂಕಿಗಳಿಗಿಂತ ಮುಖ್ಯ. ಸರಣಿ ಮಳಿಗೆಯ ಲೆಕ್ಕಪತ್ರ, ಜಾಹೀರಾತು, ಸಗಟು ಖರೀದಿ, ಕಾನೂನು ಸಲಹೆ, ಅಂಗಡಿಯ ವಿನ್ಯಾಸ ಎಲ್ಲವೂ ಕೇಂದ್ರ ಕಚೇರಿಯಲ್ಲಿ ನಡೆಯುತ್ತವೆ. ಶಾಖೆ ಇರುವ ಊರಿಗೆ ಬರುವುದು ಸಿಬ್ಬಂದಿಯ ಸಂಬಳ, ಕಟ್ಟಡದ ಬಾಡಿಗೆ ಮತ್ತು ಸ್ಥಳೀಯ ತೆರಿಗೆ ಮಾತ್ರ, ಕಟ್ಟಡದ ಒಡೆಯರೂ ಹೊರಗಿನವರಾದರೆ ಬಾಡಿಗೆಯೂ ಇಲ್ಲ. ಮಾಲೀಕರೇ ನಡೆಸುವ ಅಂಗಡಿಗೆ ಲೆಕ್ಕ ಬರೆಯುವವರು, ಬಿಲ್ ಪುಸ್ತಕ ಮುದ್ರಿಸುವವರು, ಫಲಕ ಬರೆಯುವವರು, ವೈರಿಂಗ್ ರಿಪೇರಿ ಮಾಡುವವರು ಎಲ್ಲರೂ ಹತ್ತಿರದವರೇ ಆಗಿರುತ್ತಾರೆ, ಮತ್ತು ಉಳಿದ ಲಾಭವೂ ಆ ಮಾಲೀಕರ ಮನೆಖರ್ಚಿನ ಮೂಲಕ ಅದೇ ಬೀದಿಗಳಲ್ಲಿ ಮತ್ತೊಮ್ಮೆ ಕೈ ಬದಲಾಯಿಸುತ್ತದೆ. ಲಂಡನ್ನಿನ ನ್ಯೂ ಇಕನಾಮಿಕ್ಸ್ ಫೌಂಡೇಶನ್ ರೂಪಿಸಿದ ಎಲ್‌ಎಂ3 ಎಂಬ ಅಳತೆಯ ಕ್ರಮ ಇದನ್ನೇ ಹಿಡಿಯಲು ಯತ್ನಿಸುತ್ತದೆ: ಒಂದು ಸಂಸ್ಥೆಗೆ ಬಂದ ಹಣ, ಅದು ಸ್ಥಳೀಯವಾಗಿ ಖರ್ಚು ಮಾಡಿದ ಹಣ, ಹಾಗೆ ಹಣ ಪಡೆದವರು ಮತ್ತೆ ಸ್ಥಳೀಯವಾಗಿ ಖರ್ಚು ಮಾಡಿದ ಹಣ, ಈ ಮೂರು ಸುತ್ತುಗಳನ್ನು ಕೂಡಿಸಿ ಮೊದಲ ಸುತ್ತಿನಿಂದ ಭಾಗಿಸುತ್ತಾರೆ.

ಇದಕ್ಕೆ ಮಿತಿಯೂ ಇದೆ. ದೂರದ ಕಾರ್ಖಾನೆಯಲ್ಲಿ ತಯಾರಾದ ಮೊಬೈಲನ್ನು ಯಾರಲ್ಲಿ ಕೊಂಡರೂ ಬೆಲೆಯ ಬಹುಪಾಲು ಆ ಕಾರ್ಖಾನೆಗೇ ಹೋಗುತ್ತದೆ, ಮತ್ತು ಅಂಗಡಿಯವರ ಕೈಯಲ್ಲಿ ಉಳಿಯುವುದು ಸಣ್ಣ ಲಾಭ ಮಾತ್ರ. ಶ್ರಮ ಮತ್ತು ಕೌಶಲದ ಪಾಲು ಹೆಚ್ಚಿರುವ ಕಡೆ, ಅಂದರೆ ಅಡುಗೆ, ಹೊಲಿಗೆ, ರಿಪೇರಿ, ಕ್ಷೌರ, ಮರಗೆಲಸ, ಮುದ್ರಣ ಇಂಥವುಗಳಲ್ಲಿ, ನಿಮ್ಮ ಹಣದ ದೊಡ್ಡ ಭಾಗ ಎದುರಿಗಿರುವವರಿಗೇ ಸೇರುತ್ತದೆ. ಸೀಮಿತ ಆದಾಯದವರು ಎಲ್ಲಿಂದ ಆರಂಭಿಸಬೇಕು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಇದೇ ನನ್ನ ಉತ್ತರ. ಬೆಲೆಯ ವ್ಯತ್ಯಾಸ ಎದ್ದು ಕಾಣುವ ಪೊಟ್ಟಣದ ಸಾಮಾನುಗಳಿಂದ ಆರಂಭಿಸಿ ತಿಂಗಳೊಳಗೆ ಕೈಬಿಡುವುದಕ್ಕಿಂತ, ಕೈಕೆಲಸವಿರುವ ಕಡೆಯಿಂದ ಆರಂಭಿಸಿ ಅದನ್ನು ರೂಢಿಯಾಗಿಸಿಕೊಳ್ಳುವುದು ಮೇಲು.

ಉತ್ತರ 2

ನಾನು ನಲ್ಲಿ, ಪೈಪು, ಮೊಳೆ, ಬೀಗ ಮಾರುವ ಹಾರ್ಡ್‌ವೇರ್ ಅಂಗಡಿಯನ್ನು ನಡೆಸುವವನು. ಗಲ್ಲಾದ ಈಚೆ ಕಡೆಯಿಂದ ಕಾಣುವುದನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ಬೆಲೆಯ ವಿಷಯದಲ್ಲಿ ನಿಮ್ಮ ಮನೆಯವರು ಹೇಳುವುದು ನಿಜ. ದೊಡ್ಡ ಮಳಿಗೆಯವರು ಲಾರಿಗಟ್ಟಲೆ ಮಾಲನ್ನು ನೇರವಾಗಿ ಕಂಪನಿಯಿಂದ ತರಿಸುತ್ತಾರೆ, ನಾನು ಪೆಟ್ಟಿಗೆಯ ಲೆಕ್ಕದಲ್ಲಿ ಸಗಟು ವ್ಯಾಪಾರಿಯಿಂದ ತರುತ್ತೇನೆ. ಕೆಲವು ಸಾಮಾನುಗಳನ್ನು ಅವರು ಗಿರಾಕಿಗೆ ಮಾರುವ ಬೆಲೆ ನಾನು ಕೊಳ್ಳುವ ಬೆಲೆಗಿಂತಲೂ ಕಡಿಮೆ ಇರುತ್ತದೆ, ಹಾಗಾಗಿ ಆ ಸಾಮಾನುಗಳಲ್ಲಿ ಅವರೊಂದಿಗೆ ಪೈಪೋಟಿಗೆ ನಾನು ಇಳಿಯುವುದೇ ಇಲ್ಲ. ಅಂಥ ವಸ್ತುವನ್ನು ನೀವು ಅಲ್ಲಿಯೇ ಕೊಂಡರೆ ನನಗೆ ಬೇಸರವೂ ಇಲ್ಲ.

ನನ್ನ ಅಂಗಡಿ ಬದುಕಿರುವುದು ಬೇರೊಂದು ಕೆಲಸದಿಂದ. ನಲ್ಲಿ ಸೋರುತ್ತದೆ, ಹೊಸದು ಕೊಡಿ ಎಂದು ಒಬ್ಬರು ಬರುತ್ತಾರೆ. ಹಳೆಯ ನಲ್ಲಿಯನ್ನು ಬಿಚ್ಚಿ ತಂದಿದ್ದೀರಾ ಎಂದು ಕೇಳುತ್ತೇನೆ. ತಂದಿದ್ದರೆ ತಿರುಪು ಬಿಚ್ಚಿ ಒಳಗಿನ ರಬ್ಬರ್ ವಾಷರನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಅದು ಗಟ್ಟಿಯಾಗಿ ಒಂದು ಬದಿ ತಿಂದುಹೋಗಿದ್ದರೆ, ಅದೇ ಅಳತೆಯ ವಾಷರನ್ನು ಡಬ್ಬಿಯಿಂದ ಹುಡುಕಿ, ಕೂರಿಸಿ, ವಾಷರು ಕೂರುವ ಜಾಗದ ಹಿತ್ತಾಳೆ ಸವೆದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ ಕೊಡುತ್ತೇನೆ. ಹೊಸ ನಲ್ಲಿ ಮಾರಿದ್ದರೆ ಸಿಗುತ್ತಿದ್ದ ಲಾಭದ ಎದುರು ವಾಷರಿನಲ್ಲಿ ಸಿಗುವುದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಆ ಗಿರಾಕಿ ಮುಂದೆ ಮನೆಯ ಪೈಪು ಬದಲಿಸುವಾಗ ನನ್ನಲ್ಲಿಗೇ ಬರುತ್ತಾರೆ ಎಂಬ ನಂಬಿಕೆಯ ಮೇಲೆ ಈ ವ್ಯಾಪಾರ ನಿಂತಿದೆ. ಆ ನಂಬಿಕೆ ಮುರಿಯುವುದು ಒಂದೇ ಒಂದು ಸಂದರ್ಭದಲ್ಲಿ: ಅರ್ಧ ಗಂಟೆ ಕುಳಿತು ಯಾವ ಪೈಪು, ಯಾವ ಅಳತೆ, ಎಲ್ಲೆಲ್ಲಿ ಜೋಡಣೆ ಎಂದು ನನ್ನಿಂದ ಎಲ್ಲವನ್ನೂ ಬರೆಸಿಕೊಂಡು, ಆ ಚೀಟಿಯನ್ನು ಹಿಡಿದು ಸಾಮಾನನ್ನು ಬೇರೆಡೆಯಿಂದ ತರಿಸಿದಾಗ. ಸಲಹೆಯನ್ನು ಒಂದು ಕಡೆ, ಸಾಮಾನನ್ನು ಇನ್ನೊಂದು ಕಡೆ ಪಡೆದರೆ ಕೊನೆಗೆ ಸಲಹೆ ಕೊಡುವ ಅಂಗಡಿ ಉಳಿಯುವುದಿಲ್ಲ.

ನೆರವಾಗುವ ರೀತಿಯನ್ನು ಕೇಳಿದ್ದೀರಿ. ದಾಸ್ತಾನು ನಮ್ಮ ದೊಡ್ಡ ಚಿಂತೆ. ಓಡುವ ಮಾಲು ಎಲ್ಲರಲ್ಲೂ ಇರುತ್ತದೆ. ವರ್ಷಕ್ಕೆ ಎರಡು ಬಾರಿ ಮಾತ್ರ ಕೇಳಿಬರುವ ಸಾಮಾನನ್ನು ಇಟ್ಟುಕೊಂಡರೆ ಬಂಡವಾಳ ಕಪಾಟಿನಲ್ಲಿ ಕೂರುತ್ತದೆ, ಇಟ್ಟುಕೊಳ್ಳದಿದ್ದರೆ ಗಿರಾಕಿ ಬರಿಗೈಯಲ್ಲಿ ಹೋಗುತ್ತಾರೆ. ಏನು ಬೇಕು, ಯಾವಾಗ ಬೇಕು ಎಂದು ಒಂದು ವಾರ ಮುಂಚೆ ಹೇಳುವ ಗಿರಾಕಿ ನನಗೆ ರಿಯಾಯಿತಿ ಕೇಳದ ಗಿರಾಕಿಗಿಂತ ದೊಡ್ಡ ಉಪಕಾರ ಮಾಡುತ್ತಾರೆ. ಇಲ್ಲದ ವಸ್ತುವನ್ನು ಕೇಳಿ ಸುಮ್ಮನೆ ಹೊರಟುಹೋಗಬೇಡಿ. ತರಿಸಿಕೊಡುತ್ತೀರಾ ಎಂದು ಕೇಳಿ, ತರಿಸಿದ ಮೇಲೆ ತಪ್ಪದೆ ಬಂದು ಕೊಳ್ಳಿ. ಉದ್ರಿ ಬರೆಸಿದ್ದರೆ ಹೇಳಿದ ದಿನಕ್ಕೆ ತೀರಿಸಿ, ಏಕೆಂದರೆ ಸಗಟು ವ್ಯಾಪಾರಿ ನನಗೆ ಕೊಡುವ ಗಡುವು ನಾನು ನಿಮಗೆ ಕೊಡುವ ಗಡುವಿಗಿಂತ ಚಿಕ್ಕದು. ಎಲ್ಲಕ್ಕಿಂತ ಮಿಗಿಲಾಗಿ, ಅಪರೂಪಕ್ಕೊಮ್ಮೆ ಅಭಿಮಾನದಿಂದ ಬಂದು ಹೆಚ್ಚು ಕೊಳ್ಳುವುದಕ್ಕಿಂತ ಚಿಕ್ಕ ಚಿಕ್ಕ ಖರೀದಿಗೆ ತಪ್ಪದೆ ಬರುವುದು ನಮ್ಮನ್ನು ಉಳಿಸುತ್ತದೆ. ಬಾಡಿಗೆ ಪ್ರತಿ ತಿಂಗಳೂ ಬರುತ್ತದೆಯಲ್ಲವೇ?

ಉತ್ತರ 3

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ, ಆದರೂ ಚಿತ್ರದ ಇನ್ನೊಂದು ಬದಿಯನ್ನು ಹೇಳದಿದ್ದರೆ ಪ್ರಶ್ನೆ ಕೇಳಿದವರಿಗೆ ಅನ್ಯಾಯವಾಗುತ್ತದೆ. ಅಂಗಡಿ ಚಿಕ್ಕದಾದ ಮಾತ್ರಕ್ಕೆ ಅಲ್ಲಿ ಕೆಲಸ ಮಾಡುವವರಿಗೆ ನ್ಯಾಯ ಸಿಗುತ್ತದೆ ಎಂದಲ್ಲ. ದೊಡ್ಡ ಸಂಸ್ಥೆಗಳು ಒಂದೇ ಬಗೆಯ ಕೆಲಸಕ್ಕೆ ಸರಾಸರಿಯಲ್ಲಿ ಸಣ್ಣ ಸಂಸ್ಥೆಗಳಿಗಿಂತ ಹೆಚ್ಚು ಸಂಬಳ ಕೊಡುತ್ತವೆ ಎಂಬುದು ಕಾರ್ಮಿಕ ಅರ್ಥಶಾಸ್ತ್ರದಲ್ಲಿ ಹಲವು ದೇಶಗಳಿಂದ ಮತ್ತೆ ಮತ್ತೆ ವರದಿಯಾಗಿರುವ ಸಂಗತಿ. ವಾರದ ರಜೆ, ಕೆಲಸದ ಅವಧಿ, ಸಂಬಳದ ಚೀಟಿ ಇವುಗಳೂ ಅಲ್ಲಿ ಬರಹದಲ್ಲಿ ಇರುವ ಸಾಧ್ಯತೆ ಹೆಚ್ಚು. ನಾನು ವಿದ್ಯಾರ್ಥಿಯಾಗಿದ್ದಾಗ ಎರಡೂ ಬಗೆಯ ಕಡೆ ಕೆಲಸ ಮಾಡಿದ್ದೇನೆ. ಸಣ್ಣ ಹೋಟೆಲಿನ ಮಾಲೀಕರು ನನಗೆ ಕಾಯಿಲೆಯಾದಾಗ ಮನೆಗೇ ಬಂದು ವಿಚಾರಿಸಿದರು. ಆದರೆ ಸಂಬಳ ಯಾವ ದಿನ ಬರುತ್ತದೆ ಎಂಬುದು ಮಾತ್ರ ಆ ತಿಂಗಳ ವ್ಯಾಪಾರವನ್ನು ಅವಲಂಬಿಸಿತ್ತು.

ಆದ್ದರಿಂದ ಯಾವ ಅಂಗಡಿಯನ್ನು ಬೆಂಬಲಿಸಬೇಕು ಎಂದು ನಿರ್ಧರಿಸುವಾಗ ಮಾಲೀಕರು ಯಾರು ಎಂಬ ಒಂದೇ ಪ್ರಶ್ನೆ ಸಾಲದು. ಅಲ್ಲಿ ಕೆಲಸ ಮಾಡುವವರು ವರ್ಷಗಟ್ಟಲೆ ಅಲ್ಲಿಯೇ ಇದ್ದಾರೆಯೇ, ಚಿಕ್ಕ ಮಕ್ಕಳು ದುಡಿಯುತ್ತಿಲ್ಲವೇ, ಬಿಲ್ಲು ಕೇಳಿದರೆ ಮುಖ ಸಿಂಡರಿಸದೆ ಕೊಡುತ್ತಾರೆಯೇ ಎಂಬುದನ್ನು ಗಿರಾಕಿಯಾಗಿ ಸುಲಭವಾಗಿ ಗಮನಿಸಬಹುದು. ಇವು ಸರಿಯಿಲ್ಲದ ಕಡೆ, ಸ್ಥಳೀಯರೆಂಬ ಒಂದೇ ಕಾರಣಕ್ಕೆ ಹಣ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಫಲಕದ ವಿಷಯ. ಫ್ರಾಂಚೈಸಿ, ಅಂದರೆ ಕಂಪನಿಯ ಹೆಸರಿನಲ್ಲಿ ಮಳಿಗೆ ನಡೆಸುವ ಹಕ್ಕು, ಪಡೆದವರು ಬಂಡವಾಳ ತಮ್ಮದೇ ಹಾಕುತ್ತಾರೆ, ನಷ್ಟವನ್ನೂ ತಾವೇ ಹೊರುತ್ತಾರೆ. ಆದರೆ ಆರಂಭದಲ್ಲಿ ಪ್ರವೇಶ ಶುಲ್ಕ, ಆಮೇಲೆ ಮಾರಾಟದ ಮೇಲೆ ರಾಯಧನ, ಜಾಹೀರಾತು ನಿಧಿಗೆ ಪಾಲು ಕೊಡಬೇಕು. ಏನು ಮಾರಬೇಕು, ಯಾರಿಂದ ಕೊಳ್ಳಬೇಕು, ಗೋಡೆಗೆ ಯಾವ ಬಣ್ಣ ಬಳಿಯಬೇಕು ಎಂಬುದನ್ನು ಒಪ್ಪಂದವೇ ತೀರ್ಮಾನಿಸುತ್ತದೆ. ರಾಯಧನವನ್ನು ಲಾಭದ ಮೇಲಲ್ಲದೆ ಒಟ್ಟು ಮಾರಾಟದ ಮೇಲೆ ಲೆಕ್ಕ ಹಾಕುವುದೇ ವಾಡಿಕೆಯಾದ್ದರಿಂದ ನಷ್ಟದ ತಿಂಗಳಲ್ಲೂ ಅದನ್ನು ಕಟ್ಟಲೇಬೇಕು. ಹೀಗಾಗಿ ದುಡಿಮೆ ಮತ್ತು ಅಪಾಯ ಸ್ಥಳೀಯರದು, ನಿರ್ಧಾರ ಬೇರೆಯವರದು. ನಾನು ಅವರನ್ನು ಮಧ್ಯದಲ್ಲಿ ಇಡುತ್ತೇನೆ.

ಇದಕ್ಕೆ ತದ್ವಿರುದ್ಧವಾದ ಸಂಗತಿಯೂ ಇದೆ, ಮತ್ತು ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಜರ್ಮನಿಯ ಎಡೆಕಾ ಮಳಿಗೆಗಳು ದೇಶದುದ್ದಕ್ಕೂ ಒಂದೇ ಹೆಸರಿನಲ್ಲಿವೆ, ಆದರೆ ಅವುಗಳಲ್ಲಿ ಬಹಳಷ್ಟನ್ನು ನಡೆಸುವವರು ಸ್ವತಂತ್ರ ವ್ಯಾಪಾರಿಗಳು, ಮತ್ತು ಸಗಟು ಖರೀದಿ ಮಾಡುವ ಸಂಸ್ಥೆ ಅವರದೇ ಸಹಕಾರ ಸಂಘಗಳ ಒಡೆತನದಲ್ಲಿದೆ. 1924ರಲ್ಲಿ ಷಿಕಾಗೋದಲ್ಲಿ ಆರಂಭವಾದ ಏಸ್ ಹಾರ್ಡ್‌ವೇರ್ ಕೂಡ ಇಂದು ಅಂಗಡಿ ಮಾಲೀಕರೇ ಒಡೆಯರಾಗಿರುವ ಸಹಕಾರ ಸಂಸ್ಥೆ. ಎರಡನೆಯ ಉತ್ತರದಲ್ಲಿ ಹಾರ್ಡ್‌ವೇರ್ ಅಂಗಡಿಯವರು ಹೇಳಿದ ಖರೀದಿ ಬೆಲೆಯ ತೊಂದರೆಗೆ, ಅಂಗಡಿಯ ಸ್ವಾತಂತ್ರ್ಯವನ್ನು ಬಿಡದೆ ಕಂಡುಕೊಂಡಿರುವ ಮದ್ದುಗಳಲ್ಲಿ ಇಷ್ಟು ಕಾಲ ಉಳಿದುಬಂದದ್ದು ನನ್ನ ಮಟ್ಟಿಗೆ ಇದೊಂದೇ. ಹತ್ತು ಅಂಗಡಿಯವರು ಕೂಡಿ ಒಂದು ಲಾರಿ ಮಾಲು ತರಿಸುವುದಕ್ಕೆ ದೊಡ್ಡ ಸಂಸ್ಥೆಯೂ ಬೇಕಿಲ್ಲ. ಪರಸ್ಪರ ನಂಬಿಕೆ ಬೇಕು, ಮತ್ತು ಪೈಪೋಟಿಯಲ್ಲಿರುವವರ ನಡುವೆ ಅದನ್ನು ಕಟ್ಟುವುದು ಕಷ್ಟದ ಕೆಲಸ ಎಂಬುದನ್ನು ನಾನು ಬಲ್ಲೆ.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಮೂವರಿಗೂ ಕೃತಜ್ಞತೆಗಳು. ಕೈಕೆಲಸವಿರುವ ಕಡೆಯಿಂದ ಆರಂಭಿಸಬೇಕು ಎಂಬ ಸಲಹೆ ಮನೆಯವರಿಗೂ ಹಿಡಿಸಿದೆ. ಬಟ್ಟೆ ಹೊಲಿಸುವುದು, ರಿಪೇರಿ, ಮತ್ತು ಹೊರಗಿನ ಊಟವನ್ನು ಮೊದಲು ಬದಲಿಸುವುದೆಂದು ಒಪ್ಪಿದ್ದೇವೆ. ಆದರೆ ಆ್ಯಪ್‌ಗಳ ಬಗ್ಗೆ ನಾನು ಕೇಳಿದ್ದು ಉಳಿದುಹೋಯಿತು. ಅದರ ಜೊತೆಗೆ ಇನ್ನೊಂದು ಸಂಕೋಚವೂ ಇದೆ. ಸಣ್ಣ ಹೋಟೆಲಿನಲ್ಲಿ ಊಟ ಚೆನ್ನಾಗಿಲ್ಲದಿದ್ದರೆ ಮಾಲೀಕರ ಮುಖ ನೋಡಿ ಹೇಳಲು ಮನಸ್ಸಾಗುವುದಿಲ್ಲ, ಸುಮ್ಮನೆ ಎದ್ದು ಬರುತ್ತೇವೆ, ಮತ್ತೆ ಆ ಕಡೆ ಹೋಗುವುದಿಲ್ಲ. ಇದನ್ನು ಹೇಗೆ ನಿಭಾಯಿಸಬೇಕು?

ಉತ್ತರ 4

ಹಲವು ಸಣ್ಣ ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು, ಆದ್ದರಿಂದ ಆ್ಯಪ್ ವಿಷಯಕ್ಕೆ ಅಂಕಿಗಳ ಮೂಲಕವೇ ಬರುತ್ತೇನೆ. ಹೋಟೆಲು ಉದ್ಯಮದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಸ್ಥೂಲ ಲೆಕ್ಕದಂತೆ ಬಂದ ಹಣದಲ್ಲಿ ಸುಮಾರು ಮೂರನೇ ಒಂದು ಭಾಗ ದಿನಸಿ ಮತ್ತು ತರಕಾರಿಗೆ, ಇನ್ನು ಸುಮಾರು ಮೂರನೇ ಒಂದು ಭಾಗ ಕೆಲಸಗಾರರ ಸಂಬಳಕ್ಕೆ ಹೋಗುತ್ತದೆ. ಉಳಿದದ್ದರಲ್ಲಿ ಬಾಡಿಗೆ, ಅನಿಲ, ವಿದ್ಯುತ್ತು, ನೀರು, ಪಾತ್ರೆ ಮತ್ತು ಯಂತ್ರಗಳ ರಿಪೇರಿ, ತೆರಿಗೆ, ಸಾಲದ ಕಂತು ಎಲ್ಲವನ್ನೂ ಕಳೆದರೆ, ಚೆನ್ನಾಗಿ ನಡೆಯುವ ಹೋಟೆಲಿಗೂ ಪ್ರತಿ 100ರಲ್ಲಿ 10 ಉಳಿದರೆ ಅದೇ ದೊಡ್ಡದು. ಹಲವರಿಗೆ ಉಳಿಯುವುದು 3ರಿಂದ 5 ಮಾತ್ರ. ಈಗ ಆ್ಯಪ್‌ಗಳು ಪ್ರತಿ ಬಿಲ್ಲಿನಲ್ಲಿ ಹಿಡಿದುಕೊಳ್ಳುವ ಕಮಿಷನ್ ಸಾಮಾನ್ಯವಾಗಿ 15ರಿಂದ 30 ಪ್ರತಿಶತದ ನಡುವೆ ಇರುತ್ತದೆ. 5 ಉಳಿಯುವ ಕಡೆಯಿಂದ 20 ಕೊಡಬೇಕಾದರೆ ಅದು ಎಲ್ಲಿಂದ ಬರಬೇಕು? ಆ್ಯಪ್‌ನಲ್ಲಿ ಬೆಲೆ ಏರಿಸಬೇಕು, ಅಥವಾ ಊಟದ ಪ್ರಮಾಣ ಇಳಿಸಬೇಕು, ಅಥವಾ ಬಾಡಿಗೆ ಮತ್ತು ಸಂಬಳಗಳು ಹೇಗೂ ಕೊಡಲೇಬೇಕಾದವು ಎಂದುಕೊಂಡು, ಖಾಲಿ ಹೊತ್ತಿನಲ್ಲಿ ಬರುವ ಹೆಚ್ಚುವರಿ ವ್ಯಾಪಾರ ಎಂದು ಅದನ್ನು ಸ್ವೀಕರಿಸಬೇಕು.

ಈ ಕೊನೆಯ ಲೆಕ್ಕದಲ್ಲಿ ಆ್ಯಪ್‌ನಿಂದ ಉಪಕಾರವಿದೆ. ಮೇಜುಗಳು ಖಾಲಿಯಿರುವ ಹೊತ್ತಿನಲ್ಲಿ, ಹೋಟೆಲಿನ ಹೆಸರನ್ನೇ ಕೇಳದಿದ್ದವರಿಂದ ಬರುವ ಆರ್ಡರು ಕಮಿಷನ್ ಕಳೆದ ಮೇಲೂ ಒಂದಿಷ್ಟು ಉಳಿಸುತ್ತದೆ. ತೊಂದರೆಯಾಗುವುದು ದಿನವೂ ನಡೆದು ಬರುತ್ತಿದ್ದ ಗಿರಾಕಿಯೇ ಆ್ಯಪ್‌ಗೆ ಬದಲಾದಾಗ. ಆಗ ಹೊಸ ವ್ಯಾಪಾರ ಬರುವುದಿಲ್ಲ, ಇದ್ದ ವ್ಯಾಪಾರದಲ್ಲೇ ಪಾಲು ಹೋಗುತ್ತದೆ. ಹೀಗಾಗಿ ಮೊದಲ ಬಾರಿ ಹುಡುಕುವುದಕ್ಕೆ ಆ್ಯಪ್ ಬಳಸಿದರೂ, ಇಷ್ಟವಾದ ಮೇಲೆ ಹೋಟೆಲಿನ ಫೋನ್ ನಂಬರು ಕೇಳಿ ಇಟ್ಟುಕೊಳ್ಳಿ, ನೇರವಾಗಿ ಹೇಳಿ, ಸಾಧ್ಯವಾದರೆ ನೀವೇ ಹೋಗಿ ತನ್ನಿ. ಮನೆಯಲ್ಲಿ ಸಮಾರಂಭವಿದ್ದರೆ ಕೆಲವು ದಿನ ಮುಂಚೆ ತಿಳಿಸಿ ಮುಂಗಡ ಕೊಡಿ. ಸಣ್ಣ ಹೋಟೆಲಿನ ಕೈಯಲ್ಲಿ ನಗದು ಇರುವುದು ಕಡಿಮೆ, ಮುಂಗಡ ಬಂದರೆ ಸಾಮಾನು ತರಲು ಬಡ್ಡಿಗೆ ಹಣ ತರಬೇಕಾಗುವುದಿಲ್ಲ.

ನಗರಾಡಳಿತಗಳೂ ಇದರಲ್ಲಿ ಕೈ ಹಾಕಿರುವ ಉದಾಹರಣೆಗಳಿವೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ನ್ಯೂಯಾರ್ಕ್ ನಗರ ಊಟ ತಲುಪಿಸುವ ಶುಲ್ಕಕ್ಕೆ 15 ಪ್ರತಿಶತದ ತಾತ್ಕಾಲಿಕ ಮಿತಿ ಹೇರಿತು, 2021ರಲ್ಲಿ ಅದನ್ನು ಖಾಯಂ ಮಾಡಲು ಮುಂದಾಯಿತು, ಮತ್ತು ಆ್ಯಪ್ ಕಂಪನಿಗಳು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವು.

ಉತ್ತರ 5

ಗಿರಾಕಿಯ ಆಯ್ಕೆಯೊಂದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂಬ ಭಾವನೆ ಯಾರಲ್ಲೂ ಉಳಿಯಬಾರದೆಂದು ಕಾನೂನಿನ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಹಾರ್ಡ್‌ವೇರ್ ಅಂಗಡಿಯವರು ಹೇಳಿದ ಖರೀದಿ ಬೆಲೆಯ ಅಸಮಾನತೆ ಹೊಸದಲ್ಲ. ಅಮೆರಿಕದಲ್ಲಿ 1930ರ ಸುಮಾರಿಗೆ ಎ ಆ್ಯಂಡ್ ಪಿ ಎಂಬ ಒಂದೇ ದಿನಸಿ ಸರಣಿಗೆ 15,000ಕ್ಕೂ ಹೆಚ್ಚು ಮಳಿಗೆಗಳಿದ್ದವು. ಅಂಥ ದೊಡ್ಡ ಖರೀದಿದಾರರು ಉತ್ಪಾದಕರನ್ನು ಒತ್ತಾಯಿಸಿ ವಿಶೇಷ ರಿಯಾಯಿತಿ ಪಡೆಯುತ್ತಾರೆ ಎಂಬ ದೂರಿನಿಂದ 1936ರಲ್ಲಿ ರಾಬಿನ್ಸನ್-ಪ್ಯಾಟ್‌ಮನ್ ಕಾಯ್ದೆ ಬಂದಿತು. ಒಂದೇ ಸರಕನ್ನು ಪೈಪೋಟಿಯಲ್ಲಿರುವ ಇಬ್ಬರು ವ್ಯಾಪಾರಿಗಳಿಗೆ, ಪೈಪೋಟಿಗೆ ಧಕ್ಕೆಯಾಗುವಂತೆ, ಬೇರೆ ಬೇರೆ ಬೆಲೆಗೆ ಮಾರುವುದನ್ನು ಅದು ತಡೆಯುತ್ತದೆ. 1980ರ ದಶಕದ ನಂತರ ಸರ್ಕಾರ ಅದನ್ನು ಹೆಚ್ಚುಕಡಿಮೆ ಮೂಲೆಗಿರಿಸಿತು. ಕಾಯ್ದೆ ಪುಸ್ತಕದಲ್ಲಿದ್ದೂ ಜಾರಿಯಾಗದಿದ್ದರೆ ಸಣ್ಣ ವ್ಯಾಪಾರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಪುಸ್ತಕದಂಗಡಿಗಳ ವಿಷಯದಲ್ಲಿ ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 1981ರ ಕಾಯ್ದೆಯಂತೆ ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕರೇ ನಿಗದಿ ಮಾಡುತ್ತಾರೆ ಮತ್ತು ಯಾವ ಅಂಗಡಿಯೂ ಅದರ ಮೇಲೆ 5 ಪ್ರತಿಶತಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ; ಹೀಗಾಗಿ ಪೈಪೋಟಿ ಬೆಲೆಯಿಂದ ಸರಿದು ಆಯ್ಕೆ ಮತ್ತು ಸೇವೆಯ ಕಡೆಗೆ ಹೋಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ನಗರ 2004ರಿಂದ ಏಕರೂಪದ ಸರಣಿ ಮಳಿಗೆಗಳಿಗೆ ಪ್ರತ್ಯೇಕ ನಿಯಮ ಮಾಡಿದೆ: ಈಗಾಗಲೇ 11 ಅಥವಾ ಹೆಚ್ಚು ಶಾಖೆಗಳಿರುವ ಸಂಸ್ಥೆ ನಗರದ ಹಲವು ವ್ಯಾಪಾರಿ ಬೀದಿಗಳಲ್ಲಿ ಮಳಿಗೆ ತೆರೆಯಬೇಕಾದರೆ ಸಾರ್ವಜನಿಕ ವಿಚಾರಣೆಯನ್ನು ಎದುರಿಸಿ ವಿಶೇಷ ಅನುಮತಿ ಪಡೆಯಬೇಕು. ಜಪಾನ್ 1970ರ ದಶಕದಲ್ಲಿ ದೊಡ್ಡ ಮಳಿಗೆಗಳನ್ನು ನಿಯಂತ್ರಿಸಲು ತಂದ ಕಾಯ್ದೆಯನ್ನು 2000ದಲ್ಲಿ ರದ್ದು ಮಾಡಿತು. ನನ್ನ ಅಭಿಪ್ರಾಯದಲ್ಲಿ ಈ ಮೂರರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ರಮ ಹೆಚ್ಚು ಸಮಂಜಸವಾದದ್ದು, ಏಕೆಂದರೆ ಅದು ಎಲ್ಲವನ್ನೂ ನಿಷೇಧಿಸದೆ ಆ ಬೀದಿಯವರ ಮಾತನ್ನು ಕೇಳುವಂತೆ ಮಾಡುತ್ತದೆ. ಇಂಥ ವಿಚಾರಣೆಗಳಿಗೆ ಅಂಗಡಿಯವರು ಮಾತ್ರ ಹೋದರೆ ಅದು ಸ್ವಾರ್ಥದ ಮಾತಾಗಿ ಕೇಳಿಸುತ್ತದೆ. ಗಿರಾಕಿಗಳು ಹೋಗಿ ಮಾತಾಡಿದರೆ ತೂಕ ಬರುತ್ತದೆ.

ಸಣ್ಣ ಅಂಗಡಿಗಳ ಕಾಲ ಮುಗಿಯಿತು ಎನ್ನುವವರಿಗೆ ಒಂದು ಅಂಕಿ ತೋರಿಸಬಹುದು. ಅಮೆರಿಕದ ಸ್ವತಂತ್ರ ಪುಸ್ತಕದಂಗಡಿಗಳ ಸಂಘದಲ್ಲಿ 2009ರಲ್ಲಿ 1,651 ಅಂಗಡಿಗಳಿದ್ದವು, 2015ಕ್ಕೆ ಅವು 2,227 ಆದವು. ಆನ್‌ಲೈನ್ ಮಾರಾಟ ಬೆಳೆಯುತ್ತಿದ್ದ ವರ್ಷಗಳಲ್ಲೇ ಇದು ಆಯಿತು. ಇದನ್ನು ಅಧ್ಯಯನ ಮಾಡಿದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಯಾನ್ ರಫೆಲ್ಲಿ ಅವರು ಮುಂದಿಟ್ಟ ಕಾರಣಗಳು ಮೂರು: ಊರಿನವರೊಂದಿಗಿನ ಬಾಂಧವ್ಯ, ಓದುಗರನ್ನು ಬಲ್ಲವರು ಆರಿಸಿಟ್ಟ ಪುಸ್ತಕಗಳು, ಮತ್ತು ಜನ ಸೇರುವ ಜಾಗವಾಗಿ ಅಂಗಡಿಯನ್ನು ಬಳಸಿದ್ದು. ಆದರೆ ಬ್ರಿಟನ್ನಿನ ಬ್ರಿಸ್ಟಲ್ ನಗರದಲ್ಲಿ 2012ರಲ್ಲಿ ಆರಂಭವಾದ, ಊರೊಳಗೇ ಚಲಾವಣೆಯಾಗುವ ಸ್ಥಳೀಯ ಹಣದ ಪ್ರಯೋಗ ದೊಡ್ಡ ಉತ್ಸಾಹದಿಂದ ಹುಟ್ಟಿದರೂ 2021ರ ಹೊತ್ತಿಗೆ ನಿಂತುಹೋಯಿತು. ಗಿರಾಕಿಯಿಂದ ಬೇರೆಯದೇ ನೋಟು, ಬೇರೆಯದೇ ಖಾತೆ ಎಂಬ ಹೆಚ್ಚುವರಿ ಶ್ರಮವನ್ನು ಬೇಡುವ ವ್ಯವಸ್ಥೆಗಳಿಗೆ ಬಾಳಿಕೆ ಕಡಿಮೆ ಎಂದು ನನಗೆ ತೋರುತ್ತದೆ.

ಉತ್ತರ 6

ನಾನು ಮೇಲೆ ನಾಲ್ಕನೆಯ ಉತ್ತರ ಬರೆದವಳು. ಊಟ ಚೆನ್ನಾಗಿಲ್ಲದಾಗ ಹೇಗೆ ಹೇಳಬೇಕು ಎಂಬ ಪ್ರಶ್ನೆಗೆ ಉತ್ತರಿಸುವುದು ಬಾಕಿ ಉಳಿದಿತ್ತು.

ದಯವಿಟ್ಟು ಹೇಳಿ, ಮತ್ತು ಅಲ್ಲಿಯೇ ಹೇಳಿ. ನಾನು ಲೆಕ್ಕ ನೋಡುವ ಹೋಟೆಲೊಂದರ ಯಜಮಾನರು ಗಲ್ಲಾದಲ್ಲಿ ಕುಳಿತೇ ಒಳಗೆ ಹೋಗುವ ತಟ್ಟೆಗಳನ್ನು ಗಮನಿಸುತ್ತಾರೆ. ಒಂದೇ ಪದಾರ್ಥ ಎರಡು ಮೂರು ತಟ್ಟೆಗಳಲ್ಲಿ ಹಾಗೇ ಉಳಿದು ಬಂದರೆ ಎದ್ದು ಒಳಗೆ ಹೋಗಿ, ಪಾತ್ರೆಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು, ಅಡುಗೆಯವರೊಂದಿಗೆ ಮಾತಾಡಿ ಅದನ್ನು ಬಡಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಸರಣಿ ಹೋಟೆಲಿನಲ್ಲಿ ಅಡುಗೆಯ ಕ್ರಮ ಮೇಲಿನಿಂದ ಬರುವುದರಿಂದ ಶಾಖೆಯ ವ್ಯವಸ್ಥಾಪಕರಿಗೆ ಮನಸ್ಸಿದ್ದರೂ ಇದನ್ನು ಮಾಡುವ ಅಧಿಕಾರ ಇರುವುದಿಲ್ಲ. ಆದರೆ ತಟ್ಟೆಯಲ್ಲಿ ಉಳಿದದ್ದು ಉಪ್ಪು ಹೆಚ್ಚಾದದ್ದನ್ನೋ ಬೇಯದೆ ಇದ್ದದ್ದನ್ನೋ ಹೇಳುವುದಿಲ್ಲ, ಅದನ್ನು ನೀವೇ ಹೇಳಬೇಕು. ಬಿಲ್ಲು ಕೊಡುವಾಗ, ಬೇರೆ ಗಿರಾಕಿಗಳ ಕಿವಿಗೆ ಬೀಳದಂತೆ, ಇಂಥದ್ದರಲ್ಲಿ ಇಂದು ಇಂಥ ಕೊರತೆ ಇತ್ತು ಎಂದು ಒಂದೇ ಮಾತಿನಲ್ಲಿ ಹೇಳಿದರೆ ಸಾಕು. ಯಾವ ಯಜಮಾನರೂ ಇದನ್ನು ಕೇಳಿ ಸಂತೋಷಪಡುವುದಿಲ್ಲ, ಕೆಲವರು ಒಂದು ಕ್ಷಣ ಸಮರ್ಥಿಸಿಕೊಳ್ಳಲೂಬಹುದು. ಆದರೂ ಮಾತು ಅಡುಗೆಮನೆಗೆ ತಲುಪುತ್ತದೆ. ಹಾಗೆ ಹೇಳಿದ ಮೇಲೆ ಇನ್ನೊಮ್ಮೆ ಹೋಗಿ ನೋಡಿ. ಆಗಲೂ ಅದೇ ಕೊರತೆ ಇದ್ದರೆ ಬೇರೆ ಹೋಟೆಲನ್ನು ಹುಡುಕಿಕೊಳ್ಳಲು ನಿಮಗೆ ಸಂಕೋಚ ಬೇಕಿಲ್ಲ. ಒಂದು ನಕ್ಷತ್ರ ಕೊಟ್ಟು ಬರೆಯುವ ವಿಮರ್ಶೆಯನ್ನು ಮಾತ್ರ, ಎದುರಿಗೆ ಹೇಳಿಯೂ ಪ್ರಯೋಜನವಾಗದಿದ್ದಾಗ, ಅಥವಾ ಶುಚಿತ್ವದಂಥ ಆರೋಗ್ಯದ ವಿಷಯವಿದ್ದಾಗ ಬರೆಯಿರಿ. ಒಟ್ಟು ಹತ್ತಿಪ್ಪತ್ತು ವಿಮರ್ಶೆಗಳಷ್ಟೇ ಇರುವ ಸಣ್ಣ ಹೋಟೆಲಿನ ಸರಾಸರಿಯನ್ನು ಅಂಥದೊಂದೇ ಕೆಳಗೆ ಎಳೆಯುತ್ತದೆ, ಸಾವಿರಾರು ವಿಮರ್ಶೆಗಳಿರುವ ಕಡೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಅದೇ ಕಾರಣಕ್ಕೆ, ಊಟ ಚೆನ್ನಾಗಿದ್ದ ದಿನ ಎರಡು ಸಾಲು ಒಳ್ಳೆಯ ಮಾತು ಬರೆದರೆ ಅದಕ್ಕೂ ಅಷ್ಟೇ ಬಲವಿದೆ. ಏನು ತಿಂದಿರಿ, ಏನು ಹಿಡಿಸಿತು ಎಂದು ಹೆಸರಿಟ್ಟು ಬರೆಯಿರಿ, ಹೊಸಬರು ಅದನ್ನು ಓದಿಯೇ ಬರುತ್ತಾರೆ.